ಊರು ಬಿಡುವ ಆಟಗಾರ, ತಂಡ ಕಟ್ಟುವ ಕಾಲೇಜು: ಒಂದು ಮೀಮಾಂಸೆ

ವಿಷಯ

ಪಿಯುಸಿ ಫಲಿತಾಂಶ ಬಂದು ಪದವಿ ಪ್ರವೇಶ ಶುರುವಾಗುವ ದಿನಗಳಲ್ಲಿ ಹಾವೇರಿ ಜಿಲ್ಲೆಯ ಅಕ್ಕಿಆಲೂರು, ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಕಾಲೇಜು ಕಚೇರಿಗಳಿಗೆ ಟಿ.ಸಿ. ಕೇಳಿಕೊಂಡು ಬರುವವರಲ್ಲಿ ಒಂದಿಷ್ಟು ಮಂದಿ ಆಟಗಾರರಿರುತ್ತಾರೆ. ಕಬಡ್ಡಿಯ ರೇಡರ್, ಖೋಖೋ ಆಡುವ ಹುಡುಗಿ, ಕುಸ್ತಿಪಟು, ಓಟಗಾರ. ಅವರು ಹೊರಟಿರುವುದು ಧಾರವಾಡಕ್ಕೆ, ಬೆಂಗಳೂರಿಗೆ ಅಥವಾ ಘಟ್ಟ ಇಳಿದು ಮೂಡುಬಿದಿರೆಗೆ.

ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ, ತರಬೇತಿಯನ್ನು ಉಚಿತವಾಗಿ ಕೊಡುತ್ತದೆ. ಅದರ ಫಲ ಎಲ್ಲರ ಕಣ್ಣಮುಂದಿದೆ. 2020ರ ಜನವರಿಯಲ್ಲಿ ಅಲ್ಲಿನ ಸ್ವರಾಜ್ ಮೈದಾನದಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟದಲ್ಲಿ ಮಂಗಳೂರು ವಿಶ್ವವಿದ್ಯಾಲಯ ಸಮಗ್ರ ಪ್ರಶಸ್ತಿ ಗೆದ್ದಾಗ ತಂಡದ ಬೆನ್ನೆಲುಬು ಆಳ್ವಾಸ್‌ನವರೇ ಆಗಿದ್ದರು. 2022ರ ಏಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ 20 ಚಿನ್ನದೊಂದಿಗೆ ಮೊದಲ ಸ್ಥಾನಕ್ಕೇರಿದ್ದು ಖಾಸಗಿ ವಲಯದ ಜೈನ್ ವಿಶ್ವವಿದ್ಯಾಲಯ.

ಹಿಂದೆ ಕಾಲೇಜು ತಂಡ ಅಂದರೆ ಆ ವರ್ಷ ಕಾಲೇಜಿಗೆ ಸೇರಿದವರ ಪೈಕಿ ಪಿ.ಟಿ. ಮಾಸ್ತರರು ಹೆಕ್ಕಿ ತಿದ್ದಿದ ಹುಡುಗರು. ಈಗ ಬಲಾಢ್ಯ ತಂಡಗಳ ಅರ್ಧ ಕೆಲಸ ಮೈದಾನಕ್ಕಿಳಿಯುವ ಮೊದಲೇ, ಪ್ರವೇಶದ ಹೊತ್ತಿನಲ್ಲೇ ಮುಗಿದಿರುತ್ತದೆ. ಆಟಗಾರರ ಈ ಓಡಾಟ ತಂಡ ಕಟ್ಟುವ ರೀತಿಯನ್ನು ಹೇಗೆ ಬದಲಿಸುತ್ತಿದೆ, ಅದರಲ್ಲಿ ನ್ಯಾಯ ಯಾವುದು ಎಂಬುದೇ ಇಲ್ಲಿನ ವಿಚಾರ.

ಸಂಶಯ

ಎದ್ದಿರುವ ಪ್ರಶ್ನೆಗಳು ಎರಡು. ತನ್ನನ್ನು ತಯಾರು ಮಾಡಿದ ಊರನ್ನೂ ಕಾಲೇಜನ್ನೂ ಬಿಟ್ಟುಹೋಗುವ ಹಕ್ಕು ಆಟಗಾರನಿಗೆ ಇದೆಯೇ? ಹೊರಗಿನಿಂದ ಬಂದವರನ್ನು ಸೇರಿಸಿ ಕಟ್ಟಿದ್ದು ನಿಜವಾಗಿ ತಂಡವಾಗುತ್ತದೆಯೇ?

ಪೂರ್ವಪಕ್ಷ

ಇಲ್ಲಿ ಪೂರ್ವಪಕ್ಷವೂ ಎರಡು, ಒಂದಕ್ಕೊಂದು ತದ್ವಿರುದ್ಧ. ಮೊದಲನೆಯವರು ಹೇಳುವುದು: ಹುಡುಗರು ಹೀಗೆ ಹೋಗುತ್ತಿದ್ದರೆ ಊರಿನ ಕಾಲೇಜುಗಳಲ್ಲಿ ಆಟ ಸಾಯುತ್ತದೆ. ಅಕ್ಕಿಆಲೂರಿನ ಸಿ.ಜಿ. ಬೆಲ್ಲದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂಥ ಕಡೆ ಇಬ್ಬರು ಒಳ್ಳೆಯ ರೇಡರ್‌ಗಳು ಹೋದರೆ ಉಳಿದ ಹತ್ತು ಮಂದಿಯ ಉಮೇದೂ ಹೋಗುತ್ತದೆ. 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಹುಟ್ಟಿದ ಮೇಲಂತೂ ಈ ನಷ್ಟ ಹೆಚ್ಚು ಕಾಣುತ್ತದೆ. ಜಿಲ್ಲೆಯ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದಾಗ ಗದಗ, ಕಾರವಾರ, ಹುಬ್ಬಳ್ಳಿಯ ಆಟಗಾರರೂ ಒಂದೇ ತಂಡಕ್ಕೆ ಸಿಗುತ್ತಿದ್ದರು. ಈಗ ಕೆರಿಮತ್ತಿಹಳ್ಳಿಯ ಈ ಹೊಸ ವಿಶ್ವವಿದ್ಯಾಲಯ ಒಂದೇ ಜಿಲ್ಲೆಯ ಕಾಲೇಜುಗಳಿಂದ ತಂಡ ಆರಿಸಬೇಕು. 2025ರಲ್ಲಿ ಮುಚ್ಚುವ ಪಟ್ಟಿಯಲ್ಲಿ ಹೆಸರು ಕೇಳಿಬಂದ ಸಂಸ್ಥೆಗೆ ಮೈದಾನದಲ್ಲಾದರೂ ಹೆಸರು ಬೇಡವೇ? ಆದ್ದರಿಂದ ವಲಸೆಗೆ ತಡೆ ಹಾಕಿ ಎಂಬುದು ಇವರ ವಾದ.

ಎರಡನೆಯವರದು: ಪ್ರತಿಭೆ ಆಟಗಾರನದು, ಬೆವರು ಅವನದು. ಎಲ್ಲಿ ಸೌಕರ್ಯವಿದೆಯೋ ಅಲ್ಲಿಗೆ ಹೋಗಲಿ. ಯಾವ ಕಾಲೇಜು ಎಷ್ಟು ಮಂದಿಯನ್ನು ಬೇಕಾದರೂ ಕರೆದುಕೊಳ್ಳಲಿ. ಗೆದ್ದವರದೇ ಸರಿ; ಮಿತಿ, ತವರಿಗೆ ಪಾಲು ಎಂಬ ಮಾತೇ ಬೇಡ.

ಪರೀಕ್ಷೆ

ಮೊದಲ ವಾದವನ್ನು ಹಕ್ಕಿನ ಕಡೆಯಿಂದ ನೋಡೋಣ. ರೈತನ ಮಗನೊಬ್ಬ ಕಬಡ್ಡಿ ಆಡುವುದು ಕಪ್ಪಿಗಾಗಿ ಮಾತ್ರವಲ್ಲ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಮೊದಲ ಮೂರು ಸ್ಥಾನದೊಳಗೆ ಬಂದ ಪ್ರಮಾಣಪತ್ರ ರೈಲ್ವೆಯ ಕ್ರೀಡಾ ಕೋಟಾದಲ್ಲಿ ಲೆಕ್ಕಕ್ಕೆ ಬರುತ್ತದೆ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿ ಇಲ್ಲಿಂದ ದೂರವೇನಲ್ಲ. ಆ ಒಂದು ಕಾಗದ ಮನೆಯೊಂದರ ದಿಕ್ಕು ಬದಲಿಸಬಲ್ಲದು. ಮ್ಯಾಟ್ ಇಲ್ಲದ, ಪೂರ್ಣಾವಧಿ ಕೋಚ್ ಇಲ್ಲದ ಕಡೆ ಅವನನ್ನು ಕಟ್ಟಿಹಾಕಿ, ಆಮೇಲೆ ಊರಭಿಮಾನದ ಮಾತಾಡುವುದು ಅನ್ಯಾಯ.

ಕ್ರಿಕೆಟ್ಟಿನ ಉದಾಹರಣೆ ನೋಡಿ. 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಹೊಡೆದ ಕರುಣ್ ನಾಯರ್ ಮುಂದೆ ಕರ್ನಾಟಕ ತಂಡದಲ್ಲೇ ಜಾಗ ಕಳೆದುಕೊಂಡರು. 2023ರಲ್ಲಿ ವಿದರ್ಭಕ್ಕೆ ಹೋದರು. 2024-25ರ ರಣಜಿಯಲ್ಲಿ 863 ರನ್ ಗಳಿಸಿ, ಫೈನಲ್‌ನಲ್ಲಿ ಕೇರಳದ ವಿರುದ್ಧ ಶತಕ ಹೊಡೆದು ಕಪ್ ಗೆಲ್ಲಿಸಿದರು. 2025ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಭಾರತ ತಂಡದ ಬಾಗಿಲು ಮತ್ತೆ ತೆರೆಯಿತು. ಅನಂತರ ಅವರು ಕರ್ನಾಟಕಕ್ಕೇ ಮರಳಿದರು. ಅಂದು ತಡೆದಿದ್ದರೆ ಲಾಭ ಯಾರಿಗೂ ಇರಲಿಲ್ಲ. ಹೀಗಾಗಿ ವಲಸೆಗೆ ತಡೆ ಹಾಕುವ ವಾದ ನಿಲ್ಲುವುದಿಲ್ಲ.

ಇನ್ನು ಎರಡನೆಯ ವಾದ. ಮಿತಿಯಿಲ್ಲದೆ ಕರೆತಂದರೆ ತಂಡ ಗೆಲ್ಲುತ್ತದೆ ಎನ್ನುವವರು ಆಟಗಾರನ ಜತೆ ಏನೇನು ಪ್ರಯಾಣ ಮಾಡುತ್ತದೆ, ಏನು ಹಿಂದೆಯೇ ಉಳಿಯುತ್ತದೆ ಎಂಬುದನ್ನು ನೋಡಬೇಕು.

ಕಬಡ್ಡಿಯನ್ನೇ ಹತ್ತಿರದಿಂದ ನೋಡೋಣ. ರೇಡರ್ ಒಬ್ಬನೇ ಹೋಗಿ ಒಬ್ಬನೇ ಬರುವವನು. ಅವನ ವೇಗ, ಉಸಿರು, ಕಾಲ್ಚಳಕ ಅವನ ಮೈಯಲ್ಲೇ ಇವೆ. ಯಾವ ಊರಿಗೆ ಹೋದರೂ ಅವು ಜತೆಗೆ ಬರುತ್ತವೆ. ಹಿಡಿಯುವವರ ಕೆಲಸ ಹಾಗಲ್ಲ. ಎದುರಾಳಿ ಬೋನಸ್ ಗೆರೆಗೆ ಕಾಲು ಚಾಚಿದ ಕ್ಷಣಕ್ಕೆ ಲೆಫ್ಟ್ ಕಾರ್ನರ್ ನೆಲಕ್ಕೆ ಬಿದ್ದು ಆ್ಯಂಕಲ್ ಹಿಡಿಯುತ್ತಾನೆ. ಅವನು ಬೀಳುವ ಮೊದಲೇ, ಅವನ ಹೆಗಲು ಕೆಳಗಾದದ್ದನ್ನು ಕಂಡು ಕವರ್ ಮುಂದೆ ನುಗ್ಗಿರಬೇಕು. ಕೈ ಹಿಡಿದು ನಿಂತವರು ಚೈನ್ ಬಿಡದೆ ಒಳಕ್ಕೆ ಮಡಚಬೇಕು. ಕವರ್ ಅರ್ಧ ಹೆಜ್ಜೆ ತಡವಾದರೆ ರೇಡರ್ ಕಾಲು ಕಿತ್ತುಕೊಂಡು ನಡುಗೆರೆ ಮುಟ್ಟುತ್ತಾನೆ. ಒಂದು ಪಾಯಿಂಟ್ ಸಿಗಬೇಕಿದ್ದಲ್ಲಿ ಎರಡು ಮೂರು ಪಾಯಿಂಟ್ ಕೈಬಿಡುತ್ತವೆ. ಆ ಅರ್ಧ ಹೆಜ್ಜೆಯ ತಿಳಿವಳಿಕೆ ಬರುವುದು ಒಂದೇ ಅಂಕಣದಲ್ಲಿ ವರ್ಷಗಟ್ಟಲೆ ಒಟ್ಟಿಗೆ ಬಿದ್ದೆದ್ದಾಗ. ಅದು ಇಬ್ಬರ ನಡುವೆ ಇರುವ ಆಸ್ತಿ. ಒಬ್ಬ ಟಿ.ಸಿ. ತೆಗೆದುಕೊಂಡ ದಿನ ಅದು ಇಬ್ಬರಿಗೂ ಇಲ್ಲವಾಗುತ್ತದೆ.

ಪ್ರೊ ಕಬಡ್ಡಿಯ ಹರಾಜು ಇದನ್ನೇ ದೊಡ್ಡದಾಗಿ ತೋರಿಸಿದೆ. ಬೆಂಗಳೂರು ಬುಲ್ಸ್ ಪರ 2019ರ ಜನವರಿಯ ಫೈನಲ್‌ನಲ್ಲಿ 22 ಪಾಯಿಂಟ್ ತಂದು ಕಪ್ ಗೆಲ್ಲಿಸಿದ ಪವನ್ ಸೆಹ್ರಾವತ್‌ರನ್ನು 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟಾಗಿ ಆ ಋತು ಪೂರ್ತಿ ಅವರು ಹೊರಗುಳಿದರು. ಮರುವರ್ಷ ತೆಲುಗು ಟೈಟಾನ್ಸ್ ಅವರಿಗೆ 2.6 ಕೋಟಿಗೂ ಹೆಚ್ಚು ಸುರಿಯಿತು. ಪವನ್ ರೇಡಿಂಗ್‌ನಲ್ಲಿ 200 ಪಾಯಿಂಟ್ ದಾಟಿದರು. ತಂಡ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಕೊನೆಯ ಸ್ಥಾನಕ್ಕೆ ಬಿತ್ತು. ಅದೇ ಋತುವಿನಲ್ಲಿ ಕಪ್ ಗೆದ್ದದ್ದು ಕನ್ನಡಿಗ ಬಿ.ಸಿ. ರಮೇಶ್ ಕೋಚ್ ಆಗಿದ್ದ ಪುಣೇರಿ ಪಲ್ಟನ್. ಅಸ್ಲಂ ಇನಾಮ್ದಾರ್, ಮೋಹಿತ್ ಗೋಯತ್ ಮುಂತಾದ ಹುಡುಗರನ್ನು ತನ್ನದೇ ಯುವ ಪಲ್ಟನ್‌ನಲ್ಲಿ ಬೆಳೆಸಿ ಉಳಿಸಿಕೊಂಡ ತಂಡ ಅದು. ಹರಾಜಿನಲ್ಲಿ ಇರಾನಿನ ಶಾದ್ಲೂಯಿಗೆ 2.35 ಕೋಟಿ ಕೊಟ್ಟದ್ದೂ ನಿಜ. ಆದರೆ ಬೆಲೆಬಾಳುವ ಆ ಹೊರಗಿನವನು ಬಂದು ನಿಂತದ್ದು ಒಬ್ಬರನ್ನೊಬ್ಬರು ಬಲ್ಲವರ ನಡುವೆ.

ಸಾಗರದಾಚೆಗೂ ಇದೇ ಪಾಠ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಮೊದಲು ಕಾಲೇಜು ಬದಲಿಸಿದ ಆಟಗಾರ ಒಂದು ಋತು ಹೊರಗೆ ಕೂರಬೇಕಿತ್ತು. 2018ರ ಅಕ್ಟೋಬರಿನಲ್ಲಿ ವರ್ಗಾವಣೆ ಬಯಸುವವರ ಹೆಸರು ನೋಂದಾಯಿಸುವ ಪೋರ್ಟಲ್ ಬಂತು. 2021ರಲ್ಲಿ ಮೊದಲ ಬದಲಾವಣೆಗೆ ಆ ಶಿಕ್ಷೆ ತೆಗೆದರು. ಅದೇ ವರ್ಷ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಲು ಅನುಮತಿ ಸಿಕ್ಕಿತು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಕೊಲೊರಾಡೊ ವಿಶ್ವವಿದ್ಯಾಲಯ 2023ರಲ್ಲಿ ತಂಡವನ್ನು ಹೆಚ್ಚುಕಡಿಮೆ ಪೂರ್ತಿ ಬದಲಿಸಿ ಹತ್ತಾರು ಹೊಸಬರನ್ನು ತಂದಿತು. ನಾಲ್ಕು ಗೆದ್ದು ಎಂಟು ಸೋತಿತು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಪ್ರತಿಭಾವಂತನೇ. ಅವನನ್ನು ಕಾಯುವ ಸಾಲು ಒಗ್ಗೂಡಿರಲಿಲ್ಲ, ಎದುರಾಳಿಗಳು ಐವತ್ತಕ್ಕೂ ಹೆಚ್ಚು ಬಾರಿ ಅವನನ್ನು ನೆಲಕ್ಕೆ ಕೆಡವಿದರು. ಆದರೆ 2024ರ ಋತುವಿಗೆ ಇಂಡಿಯಾನಾ ವಿಶ್ವವಿದ್ಯಾಲಯದ ಹೊಸ ಕೋಚ್ ಕರ್ಟ್ ಸಿಗ್ನೆಟಿ ತಮ್ಮ ಹಳೆಯ ಕಾಲೇಜಿನಿಂದ ಒಟ್ಟಿಗೆ ಆಡಿ ಪಳಗಿದ ಹನ್ನೆರಡಕ್ಕೂ ಹೆಚ್ಚು ಆಟಗಾರರನ್ನು ಕರೆತಂದರು. ತಂಡ 11 ಪಂದ್ಯ ಗೆದ್ದಿತು. ಪರಸ್ಪರ ತಿಳಿವಳಿಕೆಯೂ ಜತೆಗೆ ಪ್ರಯಾಣ ಮಾಡಿದಾಗ ವಲಸೆ ಫಲ ಕೊಡುತ್ತದೆ.

ಸಿದ್ಧಾಂತ

ಇದರಿಂದ ಹೊರಡುವ ನಿಲುವು ಇದು: ಹೋಗುವ ಸ್ವಾತಂತ್ರ್ಯ ಆಟಗಾರನಿಗೆ, ಕರೆತರುವುದರಲ್ಲಿ ಮಿತಿ ಕಾಲೇಜಿಗೆ, ಫಲದಲ್ಲಿ ಪಾಲು ತವರಿಗೆ. ಮೂರೂ ಒಟ್ಟಿಗೆ ಇದ್ದರೆ ಮಾತ್ರ ನ್ಯಾಯ.

ಮಿತಿ ಹೊಸ ಕಲ್ಪನೆಯಲ್ಲ. ದೇಶೀಯ ಕ್ರಿಕೆಟ್ಟಿನಲ್ಲಿ ರಾಜ್ಯ ತಂಡಗಳು ಹೊರರಾಜ್ಯದ ಮೂವರನ್ನಷ್ಟೇ ವೃತ್ತಿಪರರಾಗಿ ಆಡಿಸುತ್ತವೆ. ವಿದರ್ಭ ಆ ಮಿತಿಯೊಳಗೇ 2017-18ರಲ್ಲಿ ಮೊದಲ ಬಾರಿ ರಣಜಿ ಗೆದ್ದಿತು. ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ಕರ್ನಾಟಕವನ್ನು ಐದು ರನ್‌ಗಳಿಂದ ಸೋಲಿಸಿದಾಗ ಎರಡನೇ ಇನಿಂಗ್ಸ್‌ನಲ್ಲಿ 81 ರನ್ ಹೊಡೆದವರು ನಮ್ಮ ದಾವಣಗೆರೆಯ ಗಣೇಶ್ ಸತೀಶ್. 12 ವಿಕೆಟ್ ಕಿತ್ತವರು ವಿದರ್ಭದಲ್ಲೇ ಬೆಳೆದ ರಜನೀಶ್ ಗುರ್ಬಾನಿ. ಹೊರಗಿನವರ ಅನುಭವಕ್ಕೂ ಮನೆಯ ಹುಡುಗರ ಅವಕಾಶಕ್ಕೂ ಅಲ್ಲಿ ಜಾಗವಿತ್ತು. ನಮ್ಮ ವಿಶ್ವವಿದ್ಯಾಲಯಗಳ 12 ಜನರ ಕಬಡ್ಡಿ ತಂಡದಲ್ಲೂ ಹೊಸದಾಗಿ ಹೊರವ್ಯಾಪ್ತಿಯಿಂದ ಬಂದವರು ನಾಲ್ವರನ್ನು ಮೀರಬಾರದು.

ಪಾಲಿಗೂ ಮಾದರಿ ಇದೆ. ಜಗತ್ತಿನ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದಂತೆ ಆಟಗಾರ ಅಂತರರಾಷ್ಟ್ರೀಯವಾಗಿ ಕ್ಲಬ್ ಬದಲಿಸಿದಾಗ ವರ್ಗಾವಣೆ ಹಣದ ಶೇ 5ರಷ್ಟನ್ನು 12ರಿಂದ 23ನೇ ವಯಸ್ಸಿನವರೆಗೆ ಅವನಿಗೆ ಆಟ ಕಲಿಸಿದ ಕ್ಲಬ್‌ಗಳಿಗೆ ಹಂಚಬೇಕು. ಆಟಗಾರನ ಸ್ವಾತಂತ್ರ್ಯಕ್ಕೆ ಕೈಹಾಕದೆ, ಬೀಜ ಬಿತ್ತಿದವನನ್ನು ನೆನೆಯುವ ದಾರಿ ಅದು.

ಆಕ್ಷೇಪ ಮತ್ತು ಸಮಾಧಾನ

ಆಕ್ಷೇಪ: ನಮ್ಮ ಕಾಲೇಜುಗಳ ನಡುವೆ ವರ್ಗಾವಣೆ ಹಣವೇ ಇಲ್ಲ. ಇಲ್ಲದ ಹಣದಲ್ಲಿ ಪಾಲು ಹೇಗೆ?

ಸಮಾಧಾನ: ಪಾಲನ್ನು ವಸ್ತುವಿನಲ್ಲಿ, ಶ್ರಮದಲ್ಲಿ ಕೊಡಬಹುದು. ಅಕ್ಕಿಆಲೂರಿನಿಂದ ಒಬ್ಬನನ್ನು ಕರೆದುಕೊಂಡ ದೊಡ್ಡ ಕಾಲೇಜು ಬದಲಿಸಿದ ಹಳೆಯ ಮ್ಯಾಟನ್ನು ಇಲ್ಲಿನ ಶಾಲೆಗೆ ಕಳಿಸಲಿ. ರಜೆಯಲ್ಲಿ ತನ್ನ ಕೋಚನ್ನು ಒಂದು ವಾರ ಇಲ್ಲಿಗೆ ಕಳಿಸಲಿ. ಅದಕ್ಕಿಂತ ಅಗ್ಗವಾದದ್ದು, ಅದಕ್ಕಿಂತ ದೊಡ್ಡದು ಇನ್ನೊಂದಿದೆ: ಗೆಲುವಿನ ಪತ್ರಿಕಾ ಪ್ರಕಟಣೆಯಲ್ಲಿ, ಪ್ರಮಾಣಪತ್ರದಲ್ಲಿ ಆಟಗಾರ ಕಲಿತ ಶಾಲೆ, ಪಿಯು ಕಾಲೇಜಿನ ಹೆಸರನ್ನೂ ಬರೆಯುವುದು. ಅನುದಾನ ಕೇಳುವಾಗ ಸರ್ಕಾರಿ ಕಾಲೇಜಿಗೆ ಆ ಒಂದು ಸಾಲು ಸಾಕ್ಷಿಯಾಗುತ್ತದೆ.

ಆಕ್ಷೇಪ: ನಾಲ್ವರ ಮಿತಿ ಹಾಕಿದರೆ ಐದನೆಯವನ ಹಕ್ಕು ಹೋಯಿತಲ್ಲ? ಸ್ವಾತಂತ್ರ್ಯ ಕೊಟ್ಟು ಬಾಗಿಲು ಮುಚ್ಚಿದಂತಾಗಲಿಲ್ಲವೇ?

ಸಮಾಧಾನ: ಇದು ಗಟ್ಟಿ ಆಕ್ಷೇಪ. ಅದಕ್ಕೇ ಮಿತಿ ಮೊದಲ ವರ್ಷಕ್ಕೆ ಮಾತ್ರ ಇರಬೇಕು. ಒಂದು ವರ್ಷ ಅಲ್ಲೇ ಓದಿ, ಅದೇ ಅಂಕಣದಲ್ಲಿ ಬೆವರು ಸುರಿಸಿದವನು ಆ ಮನೆಯವನೇ. ಇದರಿಂದ ಹೋದವನಿಗೆ ಜಾಗ ಸಿಗುತ್ತದೆ, ಕವರ್‌ಗೂ ಕಾರ್ನರ್‌ಗೂ ಹೊಂದಿಕೆ ಬೆಳೆಯಲು ವೇಳೆ ಸಿಗುತ್ತದೆ, ಒಂದೇ ಕಪ್ಪಿಗಾಗಿ ಕರೆತಂದು ಮರುವರ್ಷ ಕೈಬಿಡುವ ಚಾಳಿಯೂ ನಿಲ್ಲುತ್ತದೆ.

ಆಕ್ಷೇಪ: ಹುಡುಗಿಯರನ್ನು ದೂರ ಕಳಿಸುವುದು ಹೇಗೆ? ಅವರಾದರೂ ಊರಲ್ಲೇ ಆಡಲಿ.

ಸಮಾಧಾನ: ಊರಲ್ಲಿ ಆಡಲು ಸಂಜೆಯ ಹೊತ್ತು ಬೇಕು. ಅಭ್ಯಾಸ ಮುಗಿಯುವುದಕ್ಕೂ ಹಳ್ಳಿಗೆ ಹೋಗುವ ಕೊನೆಯ ಬಸ್ಸಿಗೂ ತಾಳೆಯಾಗದ ಕಡೆ ಆಟ ಬಿಡುವವಳು ಮೊದಲು ಹುಡುಗಿಯೇ. ಮೈದಾನದ ಪಕ್ಕದಲ್ಲೇ ಹಾಸ್ಟೆಲ್ ಇದ್ದರೆ ಅವಳಿಗೆ ಬೆಳಗ್ಗೆ, ಸಂಜೆ ಎರಡೂ ಹೊತ್ತು ಸಿಗುತ್ತದೆ. ಆದ್ದರಿಂದ ವಲಸೆಯ ಹಕ್ಕು ಹುಡುಗನಿಗಿಂತ ಹುಡುಗಿಗೆ ಹೆಚ್ಚು ಬೇಕು. ಜತೆಗೆ ಮಹಿಳಾ ಕೋಚ್, ಸುರಕ್ಷಿತ ವಸತಿ ಇಲ್ಲದ ಸಂಸ್ಥೆಗೆ ಅವಳನ್ನು ಕರೆಯುವ ಹಕ್ಕಿಲ್ಲ.

ಆಕ್ಷೇಪ: ಗಾಯವಾದರೆ, ಫಾರ್ಮ್ ಹೋದರೆ ಓದು ಅರ್ಧಕ್ಕೆ ನಿಲ್ಲುವುದಿಲ್ಲವೇ?

ಸಮಾಧಾನ: ನಿಲ್ಲುತ್ತದೆ, ಮಾತು ಬಾಯಿಮಾತಿನಲ್ಲೇ ಇದ್ದರೆ. ಪದವಿ ಮುಗಿಯುವವರೆಗೆ ಫೀ, ಊಟ, ವಸತಿ ಕೊಡುತ್ತೇವೆ, ಗಾಯವಾದರೂ ಕೊಡುತ್ತೇವೆ ಎಂದು ಕಾಗದದ ಮೇಲೆ ಬರೆದುಕೊಟ್ಟ ಮೇಲೆಯೇ ಟಿ.ಸಿ. ತೆಗೆಸಬೇಕು. ಪವನ್‌ಗೆ ಮರುವರ್ಷವೂ ಕೋಟಿಗಳ ಬೆಲೆ ಬಂತು; ಹಿರೇಕೆರೂರಿನ ಹುಡುಗನ ಮಂಡಿ ಮುರಿದರೆ ಅವನಿಗಿರುವುದು ಆ ಕಾಗದ ಮಾತ್ರ.

ನಿರ್ಣಯ

ಆಟಗಾರರ ಓಡಾಟ ನಿಲ್ಲುವುದಿಲ್ಲ, ನಿಲ್ಲಿಸಬಾರದು. ಆದರೆ ಕೇವಲ ಕರೆತಂದವರಿಂದ ತಂಡವಾಗದು, ಕೇವಲ ಕಳಿಸಿಕೊಟ್ಟು ಊರು ಬಾಳದು. ಹಾವೇರಿ ಜಿಲ್ಲೆಯ ತಂದೆತಾಯಿಗಳಲ್ಲಿ ಒಂದು ಮನವಿ: ಮಗನನ್ನೋ ಮಗಳನ್ನೋ ಹೊರಗೆ ಕಳಿಸುವಾಗ ಬರಹದ ಒಪ್ಪಂದ ಕೇಳಿ. ದೊಡ್ಡ ಸಂಸ್ಥೆಗಳಲ್ಲಿ ಇನ್ನೊಂದು: ಗೆದ್ದ ದಿನ ತವರಿನ ಶಾಲೆಯ ಹೆಸರು ಹೇಳಿ, ಮರುದಿನ ಆ ಶಾಲೆಗೊಂದು ಮ್ಯಾಟ್ ಕಳಿಸಿ. ಅಕ್ಕಿಆಲೂರಿನ ಪಿ.ಟಿ. ಮಾಸ್ತರರಲ್ಲಿ ಕೊನೆಯದು: ಟಿ.ಸಿ. ಕೇಳಿ ಬಂದ ಹುಡುಗನನ್ನು ಹರಸಿ ಕಳಿಸಿ, ಅದೇ ಸಂಜೆ ಉಳಿದ ಹತ್ತು ಮಂದಿಯನ್ನು ಅಂಕಣಕ್ಕೆ ಕರೆಯಿರಿ. ಮುಂದಿನ ತಂಡ ಅವರಿಂದಲೇ ಆಗಬೇಕು.