ಎರಡು ದಾರಿಗಳ ನಡುವೆ

ಒಮ್ಮೆ ಸಿಸೇರಿಯನ್ ಆದವಳಿಗೆ ಮುಂದೆಯೂ ಸಿಸೇರಿಯನ್ನೇ ಎಂಬ ಮಾತು ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರೇಗಿನ್ನರದು, 1916ರದು. ಆಗ ಗರ್ಭಕೋಶವನ್ನು ಮೇಲಿನಿಂದ ಕೆಳಕ್ಕೆ ಸೀಳುತ್ತಿದ್ದರು. ಈಗ ಸಾಮಾನ್ಯವಾಗಿ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುತ್ತಾರೆ. ಅಂಥ ಒಂದು ಗಾಯದ ಕಲೆಯುಳ್ಳವರು ಸಹಜ ಹೆರಿಗೆಗೆ ಯತ್ನಿಸಿದರೆ 100ರಲ್ಲಿ 60ರಿಂದ 80 ಮಂದಿಗೆ ಅದು ಕೈಗೂಡುತ್ತದೆ. ಕಲೆ ಬಿರಿಯುವುದು ಸುಮಾರು 200ರಲ್ಲಿ ಒಬ್ಬಳಿಗೆ. ಎರಡು ಸಲ ಕೊಯ್ದಿದ್ದರೆ ಅಪಾಯ ಇನ್ನಷ್ಟು.

ಆ ಒಬ್ಬಳ ಪಾಲಿಗೆ ಈ ಲೆಕ್ಕ ಸಮಾಧಾನವಲ್ಲ, ನಿಜ. ಆದರೆ ಮತ್ತೆ ಕೊಯ್ಯಿಸಿಕೊಳ್ಳುವುದೂ ನಿರಪಾಯವಲ್ಲ: ಪ್ರತಿಯೊಂದು ಶಸ್ತ್ರಕ್ರಿಯೆಯೊಡನೆ, ಮುಂದಿನ ಬಸಿರಿನಲ್ಲಿ ಮಾಸು ಕಲೆಗೆ ಅಂಟಿಕೊಳ್ಳುವ ಭಯ ಹೆಚ್ಚುತ್ತದೆ. ಎರಡು ದಾರಿಯಲ್ಲೂ ಮುಳ್ಳಿರುವಾಗ ಆರಿಸುವವರು ಯಾರು? ನಮ್ಮಲ್ಲಿ ಪಂಚಾಂಗದ ಗಳಿಗೆಗೆ, ಹಿರಿಯರ ಇಷ್ಟಕ್ಕೆ, ವೈದ್ಯರ ಅನುಕೂಲಕ್ಕೆ ಬಾಯಿಯುಂಟು. ಬಸುರಿಗೆ ಮಾತ್ರ ಇಲ್ಲ. ಇನ್ನೂ ಮಕ್ಕಳು ಬೇಕೆ, ಯಾವ ಅಪಾಯವನ್ನು ಹೊರಬಲ್ಲೆ ಎಂಬುದಕ್ಕೆ ಉತ್ತರವಿರುವುದು ಅವಳಲ್ಲಿಯೇ ಅಲ್ಲವೆ?

ಹಿಂದಿನ ಕೊಯ್ತದ ವಿವರವನ್ನು ನೋಡಿ, ತುರ್ತು ಶಸ್ತ್ರಕ್ರಿಯೆಗೆ ತಮ್ಮ ಆಸ್ಪತ್ರೆ ಸಿದ್ಧವಿದೆಯೆ ಇಲ್ಲವೆ ಎಂಬುದನ್ನು ಮುಚ್ಚಿಡದೆ ಹೇಳುವುದು ವೈದ್ಯರ ಧರ್ಮ. ಅವಳು ಯಾವ ದಾರಿ ಹಿಡಿದರೂ ಜೊತೆಗಿರುವುದು ಮನೆಯವರ ಧರ್ಮ. ನೋವು ತಿಂದು ಹೆತ್ತರೇನು, ಕೊಯ್ಯಿಸಿಕೊಂಡು ಹೆತ್ತರೇನು, ತಾಯ್ತನದಲ್ಲಿ ಹೆಚ್ಚು ಕಡಿಮೆಯಿಲ್ಲ.