ಉನ್ನತ ವ್ಯಾಸಂಗದ ವೆಚ್ಚ ಯಾರ ಪಾಲಿನಿಂದ?

ವಿದ್ಯೆ ಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಮುಗಿದು ಬಹಳ ಕಾಲವಾಯಿತು. ಒಂದು ಕಾಲದಲ್ಲಿ ಮಗನನ್ನು ಏಳನೆಯ ತರಗತಿಗೆ ಬಿಡಿಸಿ ಅಂಗಡಿಯಲ್ಲೋ ರೇಷ್ಮೆ ನೂಲು ಬಿಚ್ಚುವ ಒಲೆಯ ಮುಂದೆಯೋ ಕೂರಿಸುತ್ತಿದ್ದ ಕುಟುಂಬಗಳಲ್ಲಿ ಇಂದು ಪದವೀಧರರಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಪದವಿ ಮುಗಿದ ಮೇಲೆ ಮುಂದಿನ ವ್ಯಾಸಂಗ ಎಲ್ಲಿ, ಎಷ್ಟು ಹಣಕ್ಕೆ, ಯಾರ ಹಣದಿಂದ ಎಂಬ ಪ್ರಶ್ನೆ ಎದುರಾದಾಗ ನಾವು ಯೋಚಿಸುವುದು ಕಡಿಮೆ, ಉತ್ಸಾಹಪಡುವುದು ಹೆಚ್ಚು.

ಮಂಚೇನಹಳ್ಳಿಯಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಂದೆಗೆ ಒಂದು ಸಣ್ಣ ಅಂಗಡಿ, ಊರಂಚಿನಲ್ಲಿ ಒಂದು ನಿವೇಶನ. ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿದ್ದಾನೆ. ವಿದೇಶದ ಒಂದು ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷದ ಎಂ.ಎಸ್.ಗೆ ಪ್ರವೇಶಪತ್ರ ಬಂದಿದೆ. ಮಗಳು ಬಿ.ಎಸ್ಸಿ. ಅಂತಿಮ ವರ್ಷದಲ್ಲಿದ್ದಾಳೆ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಬೇಕೆಂಬ ಆಸೆ ಅವಳಿಗೆ. ತಂದೆ ನಿವೇಶನ ಮಾರಿ, ಉಳಿದದ್ದಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡಲು ನಿರ್ಧರಿಸುತ್ತಾನೆ. ಬಂಧುಗಳು ಬಂದು ಮುಬಾರಕ್ ಹೇಳಿ ಹೋಗುತ್ತಾರೆ. ಮಗಳ ಎಂ.ಎಸ್ಸಿ. ವಿಷಯವನ್ನು ಅಂದು ಯಾರೂ ಎತ್ತುವುದಿಲ್ಲ. 'ಅಣ್ಣ ನೆಲೆ ನಿಂತ ಮೇಲೆ ನೋಡೋಣ' ಎನ್ನುತ್ತಾರೆ.

ಇಲ್ಲಿ ಯಾರೂ ಕೆಟ್ಟವರಲ್ಲ. ತಂದೆಯ ತ್ಯಾಗ ನಿಜವಾದದ್ದು, ಮಗನ ಪ್ರತಿಭೆಯೂ ನಿಜವಾದದ್ದು. ಆದರೆ ಆ ನಿವೇಶನ ಯಾರದು? ಕಾಗದಪತ್ರದಲ್ಲಿ ತಂದೆಯದು. ಅವನ ಕಾಲಾನಂತರ ಹೆಂಡತಿಗೆ, ಮಗನಿಗೆ, ಮಗಳಿಗೆ ಅದರಲ್ಲಿ ಪಾಲಿದೆ. ಅವನು ಬದುಕಿರುವಾಗ ಒಬ್ಬನ ಮೇಲೆಯೇ ಎಲ್ಲವನ್ನೂ ಸುರಿದರೆ ಉಳಿದವರ ಪಾಲು ಸದ್ದಿಲ್ಲದೆ ಕರಗಿಹೋಗುತ್ತದೆ.

ಸಹಾಬಿಯಾದ ಬಶೀರ್(ರ) ತಮ್ಮ ಮಗ ನುಅಮಾನ್‌ರಿಗೆ(ರ) ಒಂದು ಕೊಡುಗೆಯನ್ನಿತ್ತು, ಅದಕ್ಕೆ ಪ್ರವಾದಿವರ್ಯರನ್ನು(ಸ) ಸಾಕ್ಷಿಯಾಗಿಸಲು ಬಂದ ಪ್ರಸಂಗ ನಮ್ಮಲ್ಲಿ ಅನೇಕರಿಗೆ ತಿಳಿದಿದೆ. ಎಲ್ಲ ಮಕ್ಕಳಿಗೂ ಹಾಗೆಯೇ ಕೊಟ್ಟಿರುವಿರಾ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಇಲ್ಲವೆಂದಾಗ ಸಾಕ್ಷಿಯಾಗಲು ಒಪ್ಪಲಿಲ್ಲ. ಹಾಗಾದರೆ ಒಬ್ಬ ಮಗನ ಶಿಕ್ಷಣಕ್ಕೆ ಹೆಚ್ಚು ಖರ್ಚು ಮಾಡುವುದೇ ತಪ್ಪೇ? ಹಾಗಲ್ಲ. ಕ್ರಿ.ಶ. 1223ರಲ್ಲಿ ನಿಧನರಾದ ಹಂಬಲಿ ವಿದ್ವಾಂಸ ಇಬ್ನು ಕುದಾಮಾ ಈ ವಿಷಯವನ್ನು ವಿವರಿಸುತ್ತಾ, ಒಬ್ಬ ಮಗನಿಗೆ ರೋಗವಿದ್ದರೆ, ಅವನ ಸಂಸಾರ ದೊಡ್ಡದಿದ್ದರೆ, ಅಥವಾ ಅವನು ವಿದ್ಯಾರ್ಜನೆಯಲ್ಲಿ ತೊಡಗಿದ್ದರೆ ಅವನಿಗೆ ಹೆಚ್ಚು ಕೊಡುವುದಕ್ಕೆ ಅವಕಾಶವಿದೆ ಎಂಬ ಅಭಿಪ್ರಾಯವನ್ನು ದಾಖಲಿಸಿದ್ದಾರೆ. ಅಂದರೆ ವಿದ್ಯೆ ಒಂದು ನ್ಯಾಯವಾದ ಕಾರಣ. ಆದರೆ ಆ ಕಾರಣ ಮಗನಿಗೆ ಅನ್ವಯಿಸುವುದಾದರೆ, ಅದೇ ವಿದ್ಯೆಯನ್ನು ಬಯಸುವ ಮಗಳಿಗೂ ಅನ್ವಯಿಸಬೇಕಲ್ಲವೇ? ಅವಳಿಗೆಂದು ಎತ್ತಿಟ್ಟ ಹಣವನ್ನು ಮದುವೆಯ ಖರ್ಚೆಂದು ಕರೆದು, ಅವನ ಖರ್ಚನ್ನು ಭವಿಷ್ಯವೆಂದು ಕರೆಯುವುದು ಯಾವ ನ್ಯಾಯ?

ಇನ್ನು ಸಾಲದ ವಿಷಯ. ಲೆಕ್ಕದ ಸುಲಭಕ್ಕಾಗಿ 20 ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇಕಡಾ 11 ಬಡ್ಡಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2 ಲಕ್ಷ 20 ಸಾವಿರ, ತಿಂಗಳಿಗೆ 18 ಸಾವಿರಕ್ಕೂ ಮಿಕ್ಕಿದ ಬಡ್ಡಿ. ಓದುವ ಕಾಲ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲವೆಂದು ಹಲವರು ನೆಮ್ಮದಿಯಿಂದಿರುತ್ತಾರೆ. ಕಂತು ನಿಂತಿದ್ದರೂ ಬಡ್ಡಿ ನಿಲ್ಲುವುದಿಲ್ಲ. ಪೂರ್ತಿ ಹಣವನ್ನು ಮೊದಲೇ ಪಡೆದಿದ್ದರೆ, ಮೂರು ವರ್ಷ ಕಳೆದು ಮೊದಲ ಕಂತು ಕಟ್ಟುವ ದಿನ 20 ಲಕ್ಷವು 26 ಲಕ್ಷ 60 ಸಾವಿರವಾಗಿ ಕಾದಿರುತ್ತದೆ. ಆ ದಿನ ಕೆಲಸ ಸಿಕ್ಕಿರದಿದ್ದರೆ? ವೀಸಾ ನಿಯಮ ಬದಲಾಗಿದ್ದರೆ? ಆಗ ನೋಟೀಸು ಬರುವುದು ಮಂಚೇನಹಳ್ಳಿಯ ಅಂಗಡಿಗೆ, ಜಾಮೀನು ನಿಂತ ತಂದೆಯ ಹೆಸರಿಗೆ.

ಸಾಲಗಾರನಾಗಿ ತೀರಿಕೊಂಡವರ ಜನಾಝಾ ನಮಾಝಿಗೆ ಪ್ರವಾದಿವರ್ಯರು(ಸ) ಮುಂದಾಗದೆ ನಿಂತರು. ಅಬೂ ಕತಾದಾ(ರ) ಆ ಸಾಲವನ್ನು ತಾವು ಹೊತ್ತ ಮೇಲೆಯೇ ನಮಾಝ್ ನೆರವೇರಿತು. ಮುಂದೆ ಅನುಕೂಲವಾದಾಗ ಇಂಥವರ ಸಾಲವನ್ನು ಪ್ರವಾದಿವರ್ಯರು(ಸ) ಸ್ವತಃ ವಹಿಸಿಕೊಂಡರು. ಸಾಲವೆಂಬುದು ಎಷ್ಟು ಭಾರವಾದದ್ದು ಮತ್ತು ಅದು ಸಮಾಜದ ಹೊಣೆಯೂ ಹೌದು ಎಂಬ ಎರಡು ಪಾಠಗಳೂ ಅದರಲ್ಲಿವೆ. ಇದರ ಮೇಲೆ ಬಡ್ಡಿಯ ಪ್ರಶ್ನೆ ಬೇರೆ. ಶಿಕ್ಷಣ ಸಾಲದ ಬಡ್ಡಿಯನ್ನು ಬಹುಪಾಲು ವಿದ್ವಾಂಸರು ಒಪ್ಪುವುದಿಲ್ಲ. ಅನಿವಾರ್ಯತೆಯ ಸಂದರ್ಭದಲ್ಲಿ ಕೆಲವರು ರಿಯಾಯಿತಿ ಕಂಡಿದ್ದಾರೆ. ಅದರ ತೀರ್ಪನ್ನು ಬಲ್ಲವರಲ್ಲಿ ಕೇಳಬೇಕು. ಆದರೆ ಒಂದು ಮಾತು ಸ್ಪಷ್ಟ: ಅನಿವಾರ್ಯವೆಂದು ಹೇಳುವ ಹಕ್ಕು, ಬೇರೆ ದಾರಿಯನ್ನು ಹುಡುಕಿದವನಿಗೆ ಮಾತ್ರ ಇದೆ. ಹುಡುಕದವನು ಅನಿವಾರ್ಯತೆಯ ಮಾತಾಡಿದರೆ ಅದು ನೆಪವಾಗುತ್ತದೆ.

ಬೇರೆ ದಾರಿಗಳು ಇಲ್ಲವೇ? ಇವೆ, ಮತ್ತು ಹಲವು ಮನೆಗಳಿಗೆ ಅವು ತಿಳಿದೇ ಇಲ್ಲ. ಗೇಟ್ ಪರೀಕ್ಷೆಯ ಅರ್ಹತೆಯಿಂದ ಪೂರ್ಣಾವಧಿ ಎಂ.ಟೆಕ್. ಸೇರುವವರಿಗೆ ತಿಂಗಳಿಗೆ 12,400 ರೂ. ವಿದ್ಯಾರ್ಥಿವೇತನವಿದೆ. ಯು.ಜಿ.ಸಿ.ಯ ಕಿರಿಯ ಸಂಶೋಧನಾ ಫೆಲೋಶಿಪ್ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ. ಆಗಿದೆ. ಜ್ಯಾಮ್ ಪರೀಕ್ಷೆ ಬರೆದ ಬಿ.ಎಸ್ಸಿ. ವಿದ್ಯಾರ್ಥಿನಿಗೆ ಐ.ಐ.ಟಿ.ಗಳ ಎಂ.ಎಸ್ಸಿ. ಬಾಗಿಲು ತೆರೆಯುತ್ತದೆ. 2017ರಲ್ಲಿ ಸ್ಥಾಪನೆಯಾದ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ನಮ್ಮ ಜಿಲ್ಲೆಯೂ ಸೇರಿದೆ. ಅಮೆರಿಕದಲ್ಲಿ ವಿಜ್ಞಾನದ ಪಿಎಚ್.ಡಿ.ಗೆ ಸೇರುವವರಿಗೆ ಸಾಮಾನ್ಯವಾಗಿ ಬೋಧನೆಯಲ್ಲೋ ಸಂಶೋಧನೆಯಲ್ಲೋ ಸಹಾಯಕರಾಗಿ ದುಡಿಯುವುದಕ್ಕೆ ಪ್ರತಿಯಾಗಿ ಶುಲ್ಕ ವಿನಾಯಿತಿ ಮತ್ತು ಮಾಸಿಕ ಭತ್ಯೆ ದೊರೆಯುತ್ತದೆ, ಹೆಚ್ಚಿನ ಎಂ.ಎಸ್. ವಿದ್ಯಾರ್ಥಿಗಳಾದರೋ ಸ್ವಂತ ಹಣದಿಂದಲೇ ಓದುತ್ತಾರೆ. ಜರ್ಮನಿಯ ಬಹುತೇಕ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಹಾಗೆಂದು ಅದು ಪುಕ್ಕಟೆಯಲ್ಲ: 2024ರ ಸೆಪ್ಟೆಂಬರ್‌ನಿಂದ ಜೀವನ ವೆಚ್ಚಕ್ಕೆಂದು ವರ್ಷಕ್ಕೆ 11,904 ಯುರೋ ಇದೆಯೆಂದು ವೀಸಾಕ್ಕೆ ಮೊದಲೇ ತೋರಿಸಬೇಕಾಗಿದೆ.

ನೆರವನ್ನು ನಂಬುವಾಗಲೂ ಎಚ್ಚರ ಬೇಕು. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗಾಗಿ 2009ರಲ್ಲಿ ಬಂದ ಮೌಲಾನಾ ಆಝಾದ್ ಫೆಲೋಶಿಪ್ 2022-23ರಿಂದ ನಿಂತಿತು. ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ಕೊಡುತ್ತಿದ್ದ 'ಪಢೋ ಪರ್‌ದೇಶ್' ಯೋಜನೆಯೂ ಆಗಲೇ ನಿಂತಿತು. ಆದ್ದರಿಂದ ನೆರವು ಎಷ್ಟು ವರ್ಷಕ್ಕೆ, ಯಾವ ಷರತ್ತಿಗೆ, ಅಂಕ ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಸಾಲದ ಕರಾರನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್ ವಿವರವಾಗಿ ಆದೇಶಿಸಿರುವಾಗ, ಈ ವಿಷಯದಲ್ಲಿ ಬಾಯಿಮಾತನ್ನು ನೆಚ್ಚುವುದೇಕೆ?

ನಮ್ಮ ಮಣ್ಣಿನ ಇಬ್ಬರನ್ನು ನೆನೆಯೋಣ. ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ಓದಿಕೊಂಡು 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯ ಇಂಜಿನಿಯರಿಂಗ್ ವ್ಯಾಸಂಗಕ್ಕೆ ಮೈಸೂರು ಸರಕಾರದ ನೆರವು ದೊರೆಯಿತು. ಗೌರಿಬಿದನೂರು ತಾಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಹೈಸ್ಕೂಲಿಗಾಗಿ ಬೆಂಗಳೂರಿಗೆ ನಡೆದೇ ಹೋದವರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪಿಎಚ್.ಡಿ. ಪಡೆದು ಮರಳಿ ಬಂದು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದರು, ಗೌರಿಬಿದನೂರು ಮತ್ತು ಬಾಗೇಪಲ್ಲಿಯಲ್ಲಿ ಕಾಲೇಜುಗಳನ್ನು ತೆರೆಯಲು ಕಾರಣರಾದರು. ಧರ್ಮದ ವಿಷಯದಲ್ಲಿ ಅವರ ವಿಚಾರಗಳಿಗೂ ನಮ್ಮ ವಿಶ್ವಾಸಕ್ಕೂ ದೂರವಿದೆ. ಆದರೆ ತಾವು ಪಡೆದ ವಿದ್ಯೆಯನ್ನು ಊರಿಗೆ ಮರಳಿಸಿದ ಅವರ ನಡೆ ನಮಗೂ ಪಾಠವಾಗಬೇಕು. ಇವರು ಬಡತನದಲ್ಲಿ ಓದಿದರೆಂದು ಎಲ್ಲರೂ ಕಷ್ಟಪಡಲಿ ಎಂಬುದು ನಮ್ಮ ವಾದವಲ್ಲ. ಕೈಯಲ್ಲಿ ಹಣವಿಲ್ಲದಿರುವುದು ದೊಡ್ಡ ವಿದ್ಯೆಗೆ ಅಡ್ಡಿಯಾಗಲೇಬೇಕೆಂದಿಲ್ಲ ಎಂಬುದಷ್ಟೇ ವಾದ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಹೀಗೆ ಪೈಸೆಗೆ ಪೈಸೆ ಲೆಕ್ಕ ಹಾಕುತ್ತಾ ಕೂತರೆ ಒಳ್ಳೆಯ ಅವಕಾಶಗಳು ಕೈತಪ್ಪುವುದಿಲ್ಲವೇ? ತಪ್ಪಬಹುದು. ಅಗ್ಗದ ಕೋರ್ಸೆಲ್ಲ ಒಳ್ಳೆಯದಲ್ಲ. ಬೋಧಕರಿಲ್ಲದ, ಪ್ರಯೋಗಾಲಯವಿಲ್ಲದ ಕಡೆ ಎರಡು ವರ್ಷ ಕಳೆಯುವುದು ಯೌವನದ ದುಂದುವೆಚ್ಚ. ಜಿಪುಣತನವನ್ನು ಮಿತವ್ಯಯವೆಂದು ಕರೆಯಲಾಗದು. ಕೆಲವೊಮ್ಮೆ ದುಬಾರಿ ವ್ಯಾಸಂಗವೇ ಸರಿಯಾದ ಆಯ್ಕೆಯಾಗಿರಬಹುದು. ಆದರೆ ಅದು ಎಲ್ಲವನ್ನೂ ತೂಗಿ ನೋಡಿ ಮಾಡಿದ ಆಯ್ಕೆಯಾಗಿರಬೇಕು. ನೆರೆಮನೆಯವರ ಮಗ ಹೋದನೆಂದೋ, ಏಜೆಂಟನು ಇದೇ ವಾರ ಹಣ ಕಟ್ಟಿ ಎಂದನೆಂದೋ ಮಾಡಿದ್ದಾಗಿರಬಾರದು. ಒಂದು ವರ್ಷ ದುಡಿದು, ಪರೀಕ್ಷೆ ಬರೆದು, ಮತ್ತೆ ಅರ್ಜಿ ಹಾಕಿದರೆ ಕಳೆದುಕೊಳ್ಳುವುದು ಒಂದೇ ವರ್ಷ. ಬಡ್ಡಿಯ ಸಾಲ ನುಂಗುವುದು ಹತ್ತು ವರ್ಷ.

ಆದ್ದರಿಂದ ನಾವು ಊಹಿಸಿಕೊಂಡ ಆ ಮನೆಯಲ್ಲಿ, ಹಣ ಕಟ್ಟುವ ಮೊದಲು ತಂದೆ, ತಾಯಿ, ಮಗ, ಮಗಳು ನಾಲ್ವರೂ ಒಟ್ಟಿಗೆ ಕುಳಿತುಕೊಳ್ಳಲಿ. ಶುಲ್ಕದೊಂದಿಗೆ ವಸತಿ, ಊಟ, ವಿಮೆ, ಪ್ರಯಾಣವೆಲ್ಲ ಸೇರಿದ ಪೂರ್ತಿ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆಯಲಿ. ಉಳಿತಾಯವೆಷ್ಟು, ನೆರವೆಷ್ಟು, ಬಂಧುಗಳ ಬಡ್ಡಿರಹಿತ ಸಾಲವೆಷ್ಟು ಎಂದು ಬರೆಯಲಿ. ಎಣಿಸಿದಂತೆ ನಡೆಯದಿದ್ದರೆ ಯಾರು ತೀರಿಸುವರೆಂದು ಬರೆಯಲಿ. ನಿವೇಶನ ಮಾರಲೇಬೇಕೆಂದಾದರೆ ಮಗಳ ವ್ಯಾಸಂಗಕ್ಕೆ ಎಷ್ಟು ಮೀಸಲು, ಮಗನು ದುಡಿಯತೊಡಗಿದ ಮೇಲೆ ತಂಗಿಗೆ ಏನನ್ನು ಮರಳಿಸುವನು ಎಂಬುದೂ ಅದೇ ಹಾಳೆಯಲ್ಲಿ ಇರಲಿ. ಅವಳೂ ಕುಳಿತಿರುವಾಗ ಈ ಮಾತಾಗಬೇಕು. ಅವಳ ಮೌನವನ್ನು ಒಪ್ಪಿಗೆಯೆಂದು ಬಗೆಯಬಾರದು.

ಜಮಾಅತ್‌ಗಳಿಗೂ ಇಲ್ಲಿ ಕೆಲಸವಿದೆ. ಅರ್ಹ ಬಡ ವಿದ್ಯಾರ್ಥಿಗೆ ಝಕಾತ್‌ನಿಂದ ನೆರವು ನೀಡಬಹುದೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಸನ್ಮಾನದ ಶಾಲು ಹೊದಿಸುವ ಹಣದಲ್ಲಿ ನಾಲ್ಕು ಮಕ್ಕಳ ಪರೀಕ್ಷಾ ಶುಲ್ಕ ಕಟ್ಟಬಹುದು. ಯಾವ ಪರೀಕ್ಷೆಗೆ ಯಾವ ತಿಂಗಳು ಅರ್ಜಿ, ಯಾವ ನೆರವಿಗೆ ಯಾವ ದಾಖಲೆ ಎಂದು ಮಸೀದಿಯ ಫಲಕದಲ್ಲಿ ಬರೆದು ಹಾಕಲು ಒಂದು ಸೀಮೆಸುಣ್ಣ ಸಾಕು. ಊರಿನಿಂದ ಹೋಗಿ ಓದಿ ಬಂದವರು ವರ್ಷಕ್ಕೊಂದು ದಿನ ಕುಳಿತು ಕಿರಿಯರ ಅರ್ಜಿಗಳನ್ನು ತಿದ್ದಿಕೊಟ್ಟರೆ ಅದೂ ದಾನವೇ.

ಸಂಪತ್ತನ್ನು ಹೇಗೆ ಗಳಿಸಿದೆ, ಯಾವುದಕ್ಕೆ ವ್ಯಯಿಸಿದೆ ಎಂದು ನಾಳೆ ಪ್ರತಿಯೊಬ್ಬನನ್ನೂ ವಿಚಾರಿಸಲಾಗುವುದು ಎಂಬ ವಿಶ್ವಾಸ ನಮ್ಮದು. ಮಗನ ಪದವಿಗೆ ವ್ಯಯಿಸಿದೆನೆಂದು ಹೇಳುವುದು ಸುಲಭ. ಆಗ ಮಗಳಿಗೇನು ಉಳಿಸಿದೆ ಎಂಬ ಪ್ರಶ್ನೆಗೂ ಉತ್ತರವಿಟ್ಟುಕೊಂಡೇ ನಾವು ಇಂದು ಆ ಅರ್ಜಿಗೆ ಸಹಿ ಹಾಕೋಣ.