ಕುಲುಮೆಯ ಋಣ

ಭದ್ರಾನದಿಯ ತೀರದಲ್ಲಿ ಹಿಂದೆ ಬೆಂಕಿಪುರವೆಂಬ ಸಣ್ಣದೊಂದು ಊರಿತ್ತು. ಹಿಂದೆ ಕಾಡು, ಮುಂದೆ ಹೊಳೆ, ನಡುವೆ ಗದ್ದೆ. ಅಲ್ಲಿನವರ ಬಾಳು ಬಹುಮಟ್ಟಿಗೆ ಇಷ್ಟರಲ್ಲಿಯೇ ಅಡಕವಾಗಿತ್ತು. ಮೈಸೂರು ಸಂಸ್ಥಾನವು 1918ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆಯ ಕಾರ್ಯವನ್ನು ಕೈಗೊಂಡಿತು. 1923ರಲ್ಲಿ ಕುಲುಮೆಯಿಂದ ಕಬ್ಬಿಣವು ಹರಿಯಿತು. 1936ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ನದಿಯ ಮೇಲುಗಡೆ ಲಕ್ಕವಳ್ಳಿಯ ಬಳಿಯ ಅಣೆಕಟ್ಟು 1965ರಲ್ಲಿ ಪೂರ್ಣಗೊಂಡು, ನಾಲೆಯ ನೀರು ಬತ್ತಕ್ಕೂ ಕಬ್ಬಿಗೂ ತೋಟಕ್ಕೂ ಒದಗಿತು. ಹೀಗೆ ಬೆಂಕಿಪುರವು ಭದ್ರಾವತಿಯಾಗಿ, 2011ರ ಜನಗಣತಿಯ ವೇಳೆಗೆ ಸುಮಾರು ಒಂದೂವರೆ ಲಕ್ಷ ಜನರ ಪಟ್ಟಣವಾಗಿ ಬೆಳೆಯಿತು.

ಆದರೆ ಕಾಗದದ ಕಾರ್ಖಾನೆಯ ಉತ್ಪಾದನೆಯು 2015ರ ಸುಮಾರಿಗೆ ನಿಂತುಹೋಯಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು 2023ರ ಆರಂಭದಲ್ಲಿ ಪ್ರಕಟವಾಯಿತು. ಕಾರ್ಮಿಕರು ಧರಣಿ ಕುಳಿತರು; ಅದೇ ವರ್ಷ ಕೆಲಸದ ಒಂದು ಭಾಗವು ಮರಳಿ ಆರಂಭವಾಯಿತು. ಆದರೂ ಆ ತೀರ್ಮಾನವು ಎಬ್ಬಿಸಿದ ಪ್ರಶ್ನೆಯು ಅಷ್ಟರಿಂದ ಅಡಗತಕ್ಕದ್ದಲ್ಲ. ಜನರನ್ನು ಕರೆದು ನೆಲೆಗೊಳಿಸಿದ ಉದ್ಯಮಕ್ಕೆ, ಲಾಭವು ತೀರಿದೊಡನೆ ಅವರನ್ನು ಬಿಟ್ಟು ಹೋಗುವ ಅಧಿಕಾರವುಂಟೇ?

ಮುಚ್ಚಬೇಕೆನ್ನುವವರ ಮಾತನ್ನು ಮೊದಲು ಕೇಳುವುದು ನ್ಯಾಯ. ಸರ್ಕಾರದ ಬೊಕ್ಕಸವು ಯಾರೊಬ್ಬರ ಮನೆಯ ಪೆಟ್ಟಿಗೆಯಲ್ಲ. ಮಳೆಯನ್ನೇ ನಂಬಿದ ಬಯಲುಸೀಮೆಯ ರೈತನು ಕೊಂಡ ಬೆಂಕಿಪೊಟ್ಟಣದ ತೆರಿಗೆಯೂ ಅದರಲ್ಲಿ ಸೇರಿದೆ. ಅವನೆಂದೂ ಕಾಣದ ಒಂದು ಊರಿನ ನಷ್ಟವನ್ನು ಅವನೇಕೆ ಹೊರಬೇಕು? ಮೇಲಾಗಿ ಆ ಕುಲುಮೆಯು ಪಾಪರಹಿತವೇನೂ ಅಲ್ಲ. ಸಂಸ್ಥಾನದಲ್ಲಿ ಕಲ್ಲಿದ್ದಲಿಲ್ಲದ ಕಾರಣ ಮೊದಲ ದಶಕಗಳಲ್ಲಿ ಅದು ಸೌದೆಯ ಇದ್ದಲಿನಿಂದಲೇ ಉರಿಯಿತು. ಮಲೆನಾಡಿನ ಎಷ್ಟೋ ಮರಗಳು ಅದರ ಬಾಯಿಗೆ ಬಿದ್ದುವು. ಬರಿಯ ಅಭಿಮಾನದಿಂದ ಅದನ್ನು ಉರಿಸುತ್ತಲೇ ಇರುವುದು ಧರ್ಮವೆನಿಸಲಾರದು.

ಇದಕ್ಕೆ ಪ್ರತಿಯಾಗಿ ಪೂರ್ವಕಥೆಯನ್ನು ನೆನೆಸುವವರುಂಟು. ಮೊದಲ ಮಹಾಯುದ್ಧವು ಮುಗಿದ ಮೇಲೆ ಕಬ್ಬಿಣದ ಬೆಲೆಯು ಕುಸಿದು, ಕಾರ್ಖಾನೆಯು ಹುಟ್ಟುತ್ತಲೇ ಸಂಕಟಕ್ಕೆ ಸಿಕ್ಕಿತು. ಇದು ಸಂಸ್ಥಾನಕ್ಕೆ ಹೊರೆಯೆಂದು ಟೀಕಿಸಿದವರಿದ್ದರು. 1923ರಿಂದ 1929ರ ವರೆಗೆ ಆಡಳಿತಮಂಡಲಿಯ ಅಧ್ಯಕ್ಷರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ನೆಲೆಗೆ ತಂದರು. ಅಂದಿನ ಜಮಾಖರ್ಚನ್ನೇ ಕೊನೆಯ ಮಾತೆಂದು ಎಣಿಸಿದ್ದರೆ ಆ ಪಟ್ಟಣವು ಈ ರೂಪದಲ್ಲಿ ಬೆಳೆಯುತ್ತಿರಲಿಲ್ಲ. ಈ ವಾದದಲ್ಲಿ ಬಲವುಂಟು, ಆದರೆ ಪೂರ್ಣಬಲವಿಲ್ಲ. ಬಿತ್ತನೆಯ ವರ್ಷದ ಖರ್ಚು ಬೇರೆ, ಒಣಗಿದ ಮರಕ್ಕೆ ಎರೆಯುವ ನೀರು ಬೇರೆ. ಒಂದು ಕಾಲದಲ್ಲಿ ತಾಳಿಕೊಂಡ ನಷ್ಟವು ಎಲ್ಲ ಕಾಲದ ನಷ್ಟಕ್ಕೂ ಸಮರ್ಥನೆಯಾಗದು.

ಹಾಗಾದರೆ ಋಣವು ಎಲ್ಲಿದೆ? ಅದೇ ಕಣಿವೆಯ ಗದ್ದೆಯನ್ನೂ ಕುಲುಮೆಯನ್ನೂ ಹೋಲಿಸಿ ನೋಡಿದರೆ ಉತ್ತರವು ತಿಳಿಯುತ್ತದೆ. ಗದ್ದೆಯನ್ನು ಒಂದು ವರ್ಷ ಬೀಳು ಬಿಟ್ಟರೆ ನೆಲಕ್ಕೆ ಹಾನಿಯಿಲ್ಲ. ಅದು ದಣಿವಾರಿಸಿಕೊಂಡು ಮತ್ತೆ ಫಲಕ್ಕೆ ಸಿದ್ಧವಾಗುತ್ತದೆ. ಊದುಕುಲುಮೆಯ ಸ್ವಭಾವವು ಹಾಗಲ್ಲ. ತಕ್ಕ ಏರ್ಪಾಡಿಲ್ಲದೆ ಅದು ಆರಿದರೆ, ಕರಗಿದ ಕಬ್ಬಿಣವು ಒಡಲಲ್ಲಿಯೇ ಹೆಪ್ಪುಗಟ್ಟುತ್ತದೆ, ಒಳಗೋಡೆಯ ಇಟ್ಟಿಗೆಯು ಬಿರಿಯುತ್ತದೆ. ಮತ್ತೆ ಹೊತ್ತಿಸುವುದು ಹೊಸದಾಗಿ ಕಟ್ಟುವಷ್ಟೇ ಪ್ರಯಾಸದ ಕೆಲಸವಾಗುತ್ತದೆ. ಕುಲುಮೆಯ ಮುಂದೆ ನಿಂತವನ ಕೈಯ ಕಸಬೂ ಅದೇ ಜಾತಿಯದು. ಬೆಂಕಿಯ ಬಣ್ಣದಿಂದ ಕಾವನ್ನು ಅಳೆಯಬಲ್ಲ ಕಣ್ಣು ಬಿಡುವಿನಿಂದ ಬಲಿಯುವುದಿಲ್ಲ, ಮಂಕಾಗುತ್ತದೆ. ರೈತನಿಗೆ ಕೆಟ್ಟ ವರ್ಷದ ಕೊನೆಯಲ್ಲಿಯೂ ಹೊಲವೊಂದು ಉಳಿದಿರುತ್ತದೆ. ಕಾರ್ಮಿಕನಿಗೆ ಬಾಗಿಲು ಮುಚ್ಚಿದ ದಿನ ಉಳಿಯುವುದು ಬೇರೆಲ್ಲಿಯೂ ಸುಲಭವಾಗಿ ಮಾರಲಾಗದ ಒಂದು ವಿದ್ಯೆ ಮಾತ್ರ. ಆ ವಿದ್ಯೆಯನ್ನು ಕಲಿಯೆಂದು ಅವನನ್ನು ಕರೆದವರು ಯಾರೋ, ಋಣವು ಅವರದು.

ಇದು ಕಾರ್ಮಿಕನೊಬ್ಬನ ಮಾತೂ ಅಲ್ಲ. ಕಾಗದದ ಕಾರ್ಖಾನೆಯು ತನ್ನದೇ ಸಕ್ಕರೆಯ ಗಿರಣಿಯನ್ನು ನಡೆಸಿ, ಸುತ್ತಲಿನ ರೈತರ ಕಬ್ಬನ್ನು ಅರೆದು, ಉಳಿದ ಸಿಪ್ಪೆಯನ್ನು ಕಾಗದಕ್ಕೆ ಬಳಸುತ್ತಿತ್ತು. ಗದ್ದೆಗೂ ಯಂತ್ರಕ್ಕೂ ಇದ್ದ ನಂಟು ಅಷ್ಟು ಬಿಗಿಯಾಗಿತ್ತು; ಒಂದು ತುದಿಯಲ್ಲಿ ಗಂಟು ಬಿಚ್ಚಿದರೆ ಇನ್ನೊಂದು ತುದಿಯೂ ಸಡಿಲವಾಗುತ್ತದೆ.

ಆದಕಾರಣ ಮುಚ್ಚುವ ಹಕ್ಕನ್ನೂ ಬಿಟ್ಟು ಹೋಗುವ ಹಕ್ಕನ್ನೂ ಬೇರ್ಪಡಿಸಿ ನೋಡುವುದು ಅವಶ್ಯಕ. ಮೊದಲನೆಯದು ಇರಬಹುದು, ಎರಡನೆಯದು ಇಲ್ಲ. ಮುಚ್ಚಲೇಬೇಕಾದರೆ ಮುನ್ಸೂಚನೆಯೂ ಕಾಲಾವಕಾಶವೂ ಬೇಕು. ಕೈಗಳಿಗೆ ಬೇರೊಂದು ಕಸಬನ್ನು ಕಲಿಸಬೇಕು. ಸಾರ್ವಜನಿಕ ಹಿತಕ್ಕೆಂದು ಪಡೆದ ಭೂಮಿಯು ಸಾರ್ವಜನಿಕ ಹಿತಕ್ಕೇ ಸಲ್ಲಬೇಕು. ಕಡಿದ ಕಾಡಿಗೂ ಒಂದು ಪಾಲು ಸಲ್ಲಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಾಯಂ ನೌಕರನಿಗೂ ಗುತ್ತಿಗೆಯ ಕೂಲಿಗೂ ನಡುವೆ ದಫ್ತರವು ಎಳೆದ ಗೆರೆಯನ್ನು ಧರ್ಮವೂ ಎಳೆಯಬಾರದು. ಒಂದೇ ಕಾವಿನ ಮುಂದೆ ಇಪ್ಪತ್ತು ವರ್ಷ ಬೆವರಿದ ಇಬ್ಬರಲ್ಲಿ ಒಬ್ಬನಿಗೆ ಇಡಿಗಂಟೂ ಇನ್ನೊಬ್ಬನಿಗೆ ಬರಿಗೈಯೂ ದೊರೆತರೆ, ಅದು ಕಾನೂನಿಗೆ ಸರಿಹೊಂದಬಹುದು. ಬೆಂಕಿಯು ಮಾತ್ರ ಅವರಿಬ್ಬರನ್ನು ಬೇರೆಬೇರೆಯಾಗಿ ಸುಡಲಿಲ್ಲ.

ಲೆಕ್ಕದ ಪುಸ್ತಕವನ್ನು ಒಂದು ದಿನ ಮುಚ್ಚಿ ಕಪಾಟಿನಲ್ಲಿಡಬಹುದು. ಊರನ್ನು ಹಾಗೆ ಮುಚ್ಚಿಡಲು ಬರುವುದಿಲ್ಲ. ಮರುದಿನ ಬೆಳಗ್ಗೆಯೂ ಅಲ್ಲಿ ಒಲೆ ಹೊತ್ತಬೇಕು, ಮಕ್ಕಳು ಶಾಲೆಗೆ ಹೊರಡಬೇಕು.